ಆಗಬೋಟು ತಪ್ಪಿದ ಸೀರೆಗಳು

ಆಗಬೋಟನ್ನು ನಾನು ಕಣ್ಣಿನಿಂದ ನೋಡುವ ಮೊದಲೇ ಅದರ ಹೆಸರಿನಲ್ಲಿ ನಮ್ಮವ್ವನ ರೊಟ್ಟಿ ಹೋಗಿತ್ತು. ಬೆಂಕಿಯ ಬಲದಿಂದ ಓಡುವ ಆ ಹಡಗಿನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇದ್ದದ್ದು ನಮ್ಮ ಊರಿನ ಒಬ್ಬ ದಲಾಲನ ಮೇಲೆ. ಅವನು ಸತ್ತು ಭಾಳ ವರ್ಷವಾಯಿತು, ಸಿಟ್ಟು ಇನ್ನೂ ಇದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವವರು ಇದನ್ನು ಇಲ್ಲಿಗೇ ಮಡಿಚಿಟ್ಟು ಬೇರೆ ಕೆಲಸ ನೋಡಿಕೊಳ್ಳಬಹುದು.

ನಾವು ಇಳಕಲ್ಲಿನವರು. ನಮ್ಮ ಓಣಿಯಲ್ಲಿ ಮಗ್ಗವಿಲ್ಲದ ಮನೆ ಕಡಿಮೆ. ನಮ್ಮ ಮನೆಯಲ್ಲಿ ಮಗ್ಗದ ಕುಣಿ ಇತ್ತು, ಅದರಲ್ಲಿ ಕೂಡುವವನು ಇರಲಿಲ್ಲ. ಅಪ್ಪ ಸೊಲ್ಲಾಪುರದ ಗಿರಣಿಗೆ ಹೋಗಿ ಬರುತ್ತೇನೆಂದು ಹೋದವನು ಅಲ್ಲಿಯೇ ಇನ್ನೊಂದು ಸಂಸಾರ ಹೂಡಿದ. ಅವ್ವನ ಹಣೆಯ ಮೇಲೆ ಕುಂಕುಮ ಮಾತ್ರ ಬಿಟ್ಟು ಹೋಗಿದ್ದ. ಅವಳು ಅದಕ್ಕಾಗಿ ಅತ್ತದ್ದನ್ನು ನಾನು ನೋಡಿಲ್ಲ. ಅವಳಿಗೆ ಕೆಲಸವಿತ್ತು.

ಅವಳದು ಗಂಜಿ ಹಚ್ಚುವ ಕೆಲಸ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸೀರೆಯ ಉದ್ದನೆಯ ಎಳೆಗಳಿಗೆ ಹಾಸು ಅನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮೊದಲು ಆ ಹಾಸನ್ನು ಓಣಿಯ ಉದ್ದಕ್ಕೂ ಗೂಟಗಳಿಗೆ ಬಿಗಿದು, ಜೋಳದ ಹಿಟ್ಟಿನ ಗಂಜಿಯನ್ನು ಕುಂಚದಿಂದ ಹಚ್ಚಬೇಕು. ಗಂಜಿ ಕುಡಿದ ನೂಲು ಮಗ್ಗದಲ್ಲಿ ಹರಿಯುವುದಿಲ್ಲ. ಆದರೆ ಹಚ್ಚಿ ಬಿಟ್ಟರೆ ಮುಗಿಯಲಿಲ್ಲ. ಒಣಗುವವರೆಗೂ ಎರಡೂ ಮಗ್ಗುಲಿನಿಂದ ತೀಡುತ್ತಲೇ ಇರಬೇಕು. ಕೈ ನಿಂತರೆ ಎಳೆಗೆ ಎಳೆ ಅಂಟಿಕೊಂಡು ಹಾಸೆಲ್ಲ ಹಪ್ಪಳವಾಗುತ್ತದೆ. ಬಿಸಿಲು ಬಿದ್ದರಂತೂ ಕುಂಚ ಓಡುವ ಮೊದಲೇ ಗಂಜಿ ಹಿಡಿದುಬಿಡುತ್ತದೆ. ಅದಕ್ಕೇ ಈ ಕೆಲಸ ನಡೆಯುವುದು ನಸುಕಿನಲ್ಲಿ.

ಅವ್ವ ಹಚ್ಚಿದ ಹಾಸು ಮಗ್ಗದಲ್ಲಿ ಹರಿದದ್ದಿಲ್ಲ ಎಂದು ನೇಕಾರರು ಹೇಳುತ್ತಿದ್ದರು. ಹೊಸ ಮಗ್ಗ ಹೂಡಿದವರು ಮೊದಲ ಗಂಜಿಗೆ ಅವಳನ್ನೇ ಕರೆಯಬೇಕು. ಅವಳ ಕೈಗುಣ ಒಳ್ಳೆಯದು ಎನ್ನುವ ಮಾತು ಅಡುಗೆಮನೆಗಳಿಗೂ ಹಬ್ಬಿ, ಓಣಿಯ ಹೆಂಗಸರು ಉಪ್ಪಿನಕಾಯಿ ಕಲಸಲಿಕ್ಕೂ ಅವಳನ್ನೇ ಕರೆಯುತ್ತಿದ್ದರು. ಅವಳಿಗೆ ಗಂಡನಿರಲಿಲ್ಲ, ಹೊಲವಿರಲಿಲ್ಲ, ಈ ಹೆಸರಿತ್ತು.

ನಮ್ಮ ಸೀರೆಗಳು ಆಗ ಕೊಂಕಣದ ಬಂದರುಗಳಿಗೂ ಮುಂಬಯಿಗೂ ಹೋಗುತ್ತಿದ್ದವು. ಹುನಗುಂದ, ಅಮೀನಗಡ, ಬಾಗಲಕೋಟೆ ದಾಟಿ ಬೆಳಗಾವಿ, ಅಲ್ಲಿಂದ ಘಾಟು ಇಳಿದು ವೆಂಗುರ್ಲಾ ಬಂದರಕ್ಕೆ ಎತ್ತಿನ ಗಾಡಿ. ಮೊದಲು ಅಲ್ಲಿಂದ ಮುಂದೆ ಪತೇಮಾರಿ ಎಂಬ ಹಾಯಿಹಡಗಿನಲ್ಲಿ ಹೋಗುತ್ತಿದ್ದವಂತೆ. ಗಾಳಿ ಬಂದರೆ ಹಡಗು ಹೋಯಿತು, ಇಲ್ಲದಿದ್ದರೆ ಇಲ್ಲ. ಆಮೇಲೆ ಆಗಬೋಟು ಬಂತು. ಗೊತ್ತಾದ ವಾರ, ಗೊತ್ತಾದ ಬಂದರ. ಬಾಗಲಕೋಟೆಗೆ ರೈಲು ಬಂದ ಮೇಲೂ ಕೆಲವು ದಲಾಲರು ಗಾಡಿಯ ಹಾದಿ ಬಿಟ್ಟಿರಲಿಲ್ಲ.

ನಮ್ಮ ದಲಾಲನೂ ಅಂಥವನು. ವರ್ಷಕ್ಕೊಮ್ಮೆ ಬಂದರಕ್ಕೆ ಹೋಗಿ ಬಂದವನೇ ಓಣಿಯ ಕಟ್ಟೆಯ ಮೇಲೆ ಕೂತು ಕಥೆ ಹೇಳುತ್ತಿದ್ದ.

"ಗಾಳಿ ಬ್ಯಾಡ, ಹುಟ್ಟು ಬ್ಯಾಡ. ಒಳಗ ಕಲ್ಲಿದ್ದಿಲು ಸುರೀತಾರ, ಮ್ಯಾಲ ಹೊಗಿ ಬಿಡ್ತೈತಿ, ಹೋಗೂದ."

"ಅಲ್ರಿ ಸಾವಕಾರ್ರ, ಸುತ್ತ ನೀರು, ನಡಬರಕ ಬೆಂಕಿ ಹೆಂಗ ಉಳೀತೈತ್ರಿ?" ಅಂದ ಒಬ್ಬ ಮುದುಕ.

"ನಿನ್ನ ಹೇಣ್ತಿ ಹೊಟ್ಟ್ಯಾಗ ಉಳದಂಗ!"

ಎಲ್ಲರೂ ನಕ್ಕರು. ಅವನಿಗೆ ನಗಿಸಲಿಕ್ಕೆ ಬರುತ್ತಿತ್ತು. ಇಂಥವರು ಮಾಡಿದ ಕೇಡು ಜನಕ್ಕೆ ತಡವಾಗಿ ಕಾಣುತ್ತದೆ.

ಒಂದು ಚಳಿಗಾಲ ಅವನು ತಂದ ನೂಲು ಬಲು ಸಣ್ಣದು, ಅಗ್ಗದ ಸೋವಿ ಮಾಲು. ಅವ್ವನ ಬಳಿ ಬಂದು ಗಂಜಿಯ ಗಡಿಗೆಯಲ್ಲಿ ಬೆರಳದ್ದಿ ನೋಡಿದ.

"ಇದೇನಬೇ ಯವ್ವಾ, ಮಜ್ಜಿಗಿ ಮಾಡೀಯೇನು? ದಪ್ಪ ಮಾಡು. ಸೀರಿ ಕೈಯಾಗ ಹಿಡದ್ರ ತೂಕ ಹತ್ತಬೇಕು."

"ಇಷ್ಟ ಸಾಕ್ರಿ. ದಪ್ಪಾದ್ರ ನೂಲಿಗೆ ಒಳ್ಳೇದಲ್ಲ."

"ಸೀರಿ ಮಾರಾಂವ ನಾನೋ ನೀನೋ?"

ಅವ್ವ ದಪ್ಪ ಮಾಡಿದಳು. ಅವನ ನೂಲು, ಅವನ ಮಾತು. ಸೀರೆಗಳು ತಗಡಿನಂತೆ ಖಡಕ್ಕಾಗಿ ಮಗ್ಗದಿಂದ ಇಳಿದವು. ಗಂಟು ಕಟ್ಟಿ ಬೇಸಿಗೆಯ ಕೊನೆಗೆ ಗಾಡಿಗೆ ಹೇರಿದ.

ಮಳೆಗಾಲ ಹೋಯಿತು. ದಸರೆಯ ಹೊತ್ತಿಗೆ ಅವೇ ಗಂಟುಗಳು ತಿರುಗಿ ಬಂದವು. ಓಣಿಯ ನಡುವೆ ಬಿಚ್ಚಿದಾಗ ಹುಳಿ ಹಿಟ್ಟಿನ ನಾತ ಬಂತು. ಸೀರೆಯ ಮಡಿಕೆಗಳಲ್ಲೆಲ್ಲ ಕರಿ ಬೂಷ್ಟು. ಒಬ್ಬ ನೇಕಾರ ತಾನು ನೇಯ್ದ ಸೀರೆಯ ಸೆರಗು ಹಿಡಿದೆಳೆದ. ಅದು ನೆನೆದ ಕಾಗದದಂತೆ ಕೈಗೆ ಬಂತು. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ಮುಂಬಯಿಯ ವ್ಯಾಪಾರಿ ಇಳಕಲ್ಲಿನ ಮಾಲೇ ಬೇಡ ಎಂದು ಹೇಳಿ ಕಳಿಸಿದ್ದನಂತೆ.

ಯಾರಾದರೂ ಏನಾದರೂ ಕೇಳುವ ಮೊದಲೇ ದಲಾಲ ಅವ್ವನ ಕಡೆ ಬೆರಳು ತೋರಿಸಿದ.

"ಆಕಿ ಕೈ ನೋಡ್ರಪಾ, ಆಕಿ ಕೈ! ಗಂಡ ಬಿಟ್ಟು ಹೋದಾಗ ತಿಳೀಬೇಕಿತ್ತು. ಮುಟ್ಟಿದ್ದೆಲ್ಲ ಕೊಳೀತೈತಿ."

ಅವ್ವ, "ನೀವ ದಪ್ಪ ಹಾಕಂದ್ರಲ್ರಿ," ಅಂದಳು. ಅವಳ ದನಿ ಜೋರಿನದಲ್ಲ. ಅವನ ದನಿ ಓಣಿಯ ಕೊನೆಯ ಮನೆಯವರೆಗೆ ಕೇಳಿಸುವಂಥದು. ಮೇಲಾಗಿ ನಮ್ಮವರಿಗೆ ಅವನು ಹೇಳಿದ್ದೇ ಸರಿ ಕಂಡಿತು. ಯಾಕೆಂದರೆ ನಮ್ಮ ಊರಿನಲ್ಲಿ ಜೋಳದ ಗಂಜಿ ಎಷ್ಟೇ ದಪ್ಪ ಹಾಕಿದರೂ ಬೂಷ್ಟು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟ ಖಡಕ್ ಸೀರೆ ಖಡಕ್ಕಾಗಿಯೇ ಇರುತ್ತದೆ. ಹಾಗಾದರೆ ಕೆಟ್ಟದ್ದು ಕೈಯೇ ಇರಬೇಕಲ್ಲ?

ಮರುದಿನದಿಂದ ಅವ್ವನನ್ನು ಯಾರೂ ಕರೆಯಲಿಲ್ಲ. ಉಪ್ಪಿನಕಾಯಿಯ ಭರಣಿಯನ್ನು ಅವಳು ಕಂಡರೆ ಒಳಗೆ ಎತ್ತಿಡುತ್ತಿದ್ದರು. ಪಕ್ಕದ ಮನೆಯವಳಂತೂ ಹೆಪ್ಪಿಗೆಂದು ಕೇಳಿದರೆ ಮೊಸರಿಲ್ಲ ಅಂದಳು. ಅವಳ ಬಾಯಿಯ ಅಂಚಿಗೆ ಮೊಸರು ಹತ್ತಿತ್ತು. ಅವ್ವ ಕುಂಚವನ್ನು ಜಂತಿಗೆ ಸಿಗಿಸಿ, ಕುರ್ಪಿ ಹಿಡಿದು ಕಂಡವರ ಹೊಲದ ಕಳೆ ತೆಗೆಯಲಿಕ್ಕೆ ಹೋದಳು. ಗಂಜಿಯಲ್ಲಿ ನೆನೆದು ಮೆತ್ತಗಿದ್ದ ಅವಳ ಬೆರಳುಗಳು ಒಂದೇ ಹಂಗಾಮಿನಲ್ಲಿ ಸೀಳುಬಿಟ್ಟವು. ನಾನು ರಾತ್ರಿ ಎಣ್ಣೆ ಹಚ್ಚಲು ಹೋದರೆ ಕೈ ಎಳೆದುಕೊಳ್ಳುತ್ತಿದ್ದಳು. "ಎಣ್ಣಿ ಹಾಳು ಮಾಡಬ್ಯಾಡ," ಎನ್ನುತ್ತಿದ್ದಳು.

ಆಗಲೇ ನಾನು ದಲಾಲನನ್ನು ಬಿಡುವುದಿಲ್ಲ ಅಂದುಕೊಂಡೆ. ದೇವರ ಮುಂದೆ ಆಣೆ ಗೀಣೆ ಮಾಡಲಿಲ್ಲ. ದೇವರಿಗೆ ಬೇರೆ ಕೆಲಸವಿರುತ್ತದೆ.

ನನ್ನನ್ನು ಅದೇ ಊರಿನ ಗಾಡಿ ಹೊಡೆಯುವವನಿಗೆ ಕೊಟ್ಟರು. ಮಾತು ಕಡಿಮೆಯ ಮನುಷ್ಯ, ಎತ್ತುಗಳ ಸಂಗಡ ಮಾತ್ರ ಆಡುತ್ತಿದ್ದ. ಅವನು ವೆಂಗುರ್ಲಾಕ್ಕೆ ಮಾಲು ಒಯ್ಯುತ್ತಾನೆಂದು ತಿಳಿದ ದಿನದಿಂದ ನಾನೂ ಬರುತ್ತೇನೆ ಎಂದು ಬೆನ್ನು ಹತ್ತಿದೆ.

"ಸಮುದ್ರದಾಗ ನೋಡಾಕ ಏನೈತಿ? ನೀರೈತಿ," ಅಂದ.

"ನಮ್ಮ ಹಳ್ಳದಾಗೂ ನೀರೈತಿ. ಆದ್ರ ಆ ಹಳ್ಳ ನಮ್ಮವ್ವನ ಹೆಸರು ಕೆಡಿಸಿಲ್ಲ."

ಅವನು ಎತ್ತುಗಳ ಕಡೆ ನೋಡಿ, "ಕೇಳಿದ್ರಿಲ್ಲೋ?" ಅಂದ. ಅದು ಅವನ ಒಪ್ಪಿಗೆ.

ಹಾದಿಗೆಂದು ನಾನು ಖಡಕ್ ಜೋಳದ ರೊಟ್ಟಿಯ ದೊಡ್ಡ ಗಂಟು ಕಟ್ಟಿದ್ದೆ. ಘಾಟು ಇಳಿಯುವವರೆಗೆ ಮುರಿದರೆ ಟಪ್ಪೆನ್ನುತ್ತಿದ್ದ ರೊಟ್ಟಿ, ಕೊಂಕಣಕ್ಕೆ ಇಳಿದ ಮರುಮುಂಜಾನೆ ಹಳೆಯ ಬಟ್ಟೆಯಂತೆ ಜೋತುಬಿತ್ತು. ಗಾಳಿಯಲ್ಲೇ ನೀರು. ಮೈಯೆಲ್ಲ ಅಂಟು. ಬಂದರದಲ್ಲಿ ಸರದಿ ಕಾಯುತ್ತ ಎರಡು ದಿನ ಕುಳಿತೆವು. ರೊಟ್ಟಿಯ ಗಂಟು ಬಿಚ್ಚಿದರೆ ಅಂಚಿನಲ್ಲಿ ಬೂಷ್ಟು. ಮೂಗಿಗೆ ಹಿಡಿದೆ. ಅದೇ ನಾತ. ಓಣಿಯ ನಡುವೆ ಆ ಗಂಟುಗಳನ್ನು ಬಿಚ್ಚಿದಾಗ ಬಂದ ನಾತ. ಸೀರೆಗೆ ಹಚ್ಚಿದ್ದೂ ಜೋಳವೇ, ರೊಟ್ಟಿಯೂ ಜೋಳವೇ. ನಮ್ಮ ಒಣ ನಾಡಿನಲ್ಲಿ ಕೂತು ಸಮುದ್ರಕ್ಕೆ ಹೋಗುವ ಬಟ್ಟೆಗೆ ಹಿಟ್ಟು ಮೆತ್ತಿ ಕಳಿಸಿದ್ದೆವು.

ಆಗಬೋಟನ್ನು ಅವತ್ತೇ ನೋಡಿದೆ. ದಂಡೆಗೆ ಅದು ಬರುವುದಿಲ್ಲ. ದೂರದಲ್ಲಿ, ಕೆರೆಯಲ್ಲಿ ಕೂತ ಎಮ್ಮೆಯಂತೆ ನಿಂತು ಹೊಗೆ ಬಿಡುತ್ತ ಒದರುತ್ತದೆ. ಒದರಿದ ಕೂಡಲೇ ಸಣ್ಣ ದೋಣಿಗಳು ಓಡುತ್ತವೆ. ಗಂಟು, ಕೋಳಿ, ಮಾವಿನ ಬುಟ್ಟಿ, ಜನ, ಎಲ್ಲ ಒಟ್ಟಿಗೆ. ದೋಣಿಯವರೆಗೆ ಸೊಂಟಮಟ ನೀರು. ಗಟ್ಟಿಮುಟ್ಟಾದ ಆಳುಗಳು ಹೆಂಗಸರನ್ನು ಹೆಗಲ ಮೇಲೆ ಹೊತ್ತು ಒಯ್ಯುತ್ತಿದ್ದರು. ಹಾಗೆ ಹೋಗುತ್ತಿದ್ದ ಒಬ್ಬ ದಪ್ಪ ಹೆಂಗಸು ನಮ್ಮ ಊರಿನ ಸೀರೆ ಉಟ್ಟಿದ್ದಳು. ಆ ಕೆಂಪು ಸೆರಗು ಎಲ್ಲಿದ್ದರೂ ನನಗೆ ಗುರುತು. ಅದರ ಮೇಲೆ ಉಪ್ಪುನೀರು ಸಿಡಿಯುತ್ತಿತ್ತು, ಅವಳು ಹೊತ್ತವನ ತಲೆಗೂದಲು ಹಿಡಿದು ಬೈಯುತ್ತಿದ್ದಳು. ಸೀರೆಗೆ ಏನೂ ಆಗಿರಲಿಲ್ಲ.

ಮಾಲು ಇಡುವ ವಖಾರಿಗೆ ಒಬ್ಬ ಮುದಿ ಕಾವಲುಗಾರ. ಅವನ ಮಾತು ಮರಾಠಿ. ನನ್ನ ಗಂಡ ಬಿಡಿಸಿ ಹೇಳುತ್ತಿದ್ದ. ಇಳಕಲ್ಲಿನ ಗಾಡಿ ಎಂದು ತಿಳಿದು ಮುದುಕ ನಕ್ಕ.

"ನಿಮ್ಮ ದಲಾಲ ಆರಾಮ ಅದಾನೇನು ಅಂತ ಕೇಳಾಕತ್ತಾನ," ಅಂದ ಗಂಡ.

"ಯಾಕಂತ?"

ಮುದುಕ ಹೇಳಿದ್ದು ಇದು. ಆ ವರ್ಷ ಎರಡು ಕಂಪನಿಗಳ ಆಗಬೋಟುಗಳು ಒಂದಕ್ಕೊಂದು ಜಿದ್ದು ಹಿಡಿದು ಬಾಡಿಗೆ ಇಳಿಸುತ್ತಿದ್ದವು. ದಲಾಲ ಗಂಟುಗಳನ್ನು ತಂದಿಟ್ಟುಕೊಂಡು, ಇನ್ನೂ ಇಳಿಯಲಿ, ಇನ್ನೂ ಇಳಿಯಲಿ ಎಂದು ದಂಡೆಯ ಮೇಲೆ ಕಾದ. ಒಂದು ಬೋಟು ಹೋಯಿತು, ಮತ್ತೊಂದು ಹೋಯಿತು. ಮುಗಿಲು ಕಪ್ಪಾಯಿತು. ಮಳೆ ಹತ್ತಿದರೆ ಆ ಸಮುದ್ರದಲ್ಲಿ ಆಗಬೋಟು ಬರುವುದೇ ಇಲ್ಲ; ಕೊಂಕಣದವರು ನೀರಿಗೆ ತೆಂಗಿನಕಾಯಿ ಬಿಡುವ ಹುಣ್ಣಿಮೆ ದಾಟಿದ ಮೇಲೆಯೇ ಮತ್ತೆ ಶುರು. ಗಂಟುಗಳು ಇಡೀ ಮಳೆಗಾಲ ಸೋರುವ ವಖಾರಿಯಲ್ಲಿ ಕೊಳೆತವು. ಹುಣ್ಣಿಮೆಯ ಮೇಲೆ ಅವನ್ನೇ ಮುಂಬಯಿಗೆ ಹೇರಿದ. ಹಿಟ್ಟು ಹಚ್ಚಿದ ಬಟ್ಟೆ ಇಲ್ಲಿ ಇಡಬೇಡ ಎಂದು ಮುದುಕ ಹೇಳಿದ್ದನಂತೆ. "ನಿನಗ ಸೀರಿ ಬಗ್ಗೆ ಏನ್ ತಿಳೀತೈತೋ," ಅಂದಿದ್ದನಂತೆ ನಮ್ಮ ಸಾವಕಾರ.

ಅಂದರೆ ಓಣಿಯಲ್ಲಿ ನಿಂತು ಬೆರಳು ತೋರಿಸಿದ ದಿನ ಅವನಿಗೆ ಎಲ್ಲ ಗೊತ್ತಿತ್ತು. ತಿಳಿಯದೆ ಆಡಿದ್ದರೆ ಬೈದು ಬಿಡುತ್ತಿದ್ದೆನೇನೋ.

ತಿರುಗಿ ಬಂದು ಅವ್ವನಿಗೆ ಹೇಳಿದೆ. ಅವಳು ಕುರ್ಪಿಯ ಮಣ್ಣು ಕೆರೆಯುತ್ತ ಕೇಳಿದಳು.

"ಯಾರಿಗೂ ಹೇಳಬ್ಯಾಡ," ಅಂದಳು.

"ಯಾಕಬೇ?"

"ನೀ ಹೇಳಿದ್ರ ಮಗಳು ಅವ್ವನ ಪರ ಆಡ್ತಾಳ ಅಂತಾರ. ಅವನ ಬಾಯಿಂದನ ಬರಬೇಕು."

ಅವಳು ಅಷ್ಟು ಹೇಳಿ ಒಳಗೆ ಹೋದಳು. ನಾನು ಕಾದೆ.

ಈ ನಡುವೆ ನಾನೂ ಕುಂಚ ಹಿಡಿದಿದ್ದೆ. ಅವ್ವನಿಂದಲೇ ಕಲಿತ ಕೆಲಸ. ಆದರೂ ಜನ ನನ್ನನ್ನು ಕರೆದರು. ಮದುವೆಯಾದ ಮೇಲೆ ಹೆಣ್ಣಿನ ಕೈಗುಣ ಗಂಡನ ಮನೆಯದಾಗುತ್ತದೆ ಎಂಬುದು ನಮ್ಮವರ ತಿಳಿವಳಿಕೆ. ಒಂದು ತಾಳಿ ಕಟ್ಟಿದರೆ ಬೆರಳು ಬದಲಾಗುತ್ತವೆ ಎಂದು ನಂಬುವ ಜನ. ನನಗೇನು, ಕೆಲಸ ಸಿಕ್ಕಿತು. ಬರಬರುತ್ತ ಆ ಓಣಿಯಲ್ಲಿ ನನ್ನಷ್ಟು ಚೊಕ್ಕ ಹಚ್ಚುವವರು ಇಲ್ಲದಂತಾಯಿತು.

ದಲಾಲನ ಮಗಳಿಗೆ ಗಂಡು ಗೊತ್ತಾಯಿತು. ಬೀಗರು ಕೊಂಕಣದ ಬಂದರದವರು, ಆಗಬೋಟಿನ ಮಾಲಿನ ವ್ಯವಹಾರದವರು. ಬೀಗರ ಮನೆಯ ಹೆಂಗಸರಿಗೆಲ್ಲ ಸೀರೆ ಕೊಡಬೇಕು. ಒಂದೇ ಹಾಸಿನಲ್ಲಿ, ಭಾರಿ ಬೆಲೆಯ ನಯವಾದ ಸಣ್ಣ ನೂಲಿನಲ್ಲಿ ನೇಯಿಸಬೇಕೆಂದು ಹಟ ಹಿಡಿದ. ಮದುವೆಯ ಮುಹೂರ್ತ ಹತ್ತಿರವೇ ಇತ್ತು. ಗಂಜಿಗೆ ನನ್ನ ಮನೆಗೆ ಬಂದ.

"ಏನಬೇ ತಂಗಿ, ಕೈ ಚಲೋ ಐತಿ ನಿಂದು ಅಂತಾರ ಎಲ್ಲಾರೂ."

"ಗಂಡನ ಮನೀದ್ರಿ," ಅಂದೆ.

"ಹಾಂ, ಹಾಂ. ಒಂದು ಮಾತು. ಗಂಜಿ ತೆಳ್ಳಗ ಇರ್ಲಿ. ಈ ಸೀರಿ ಸಮುದ್ರದ ದಂಡಿಗೆ ಹೋಗಾವು. ದಪ್ಪ ಹಾಕಿದ್ರ ಬೂಷ್ಟು ಹಿಡೀತೈತಿ."

ಅವನು ಅದನ್ನು ಎಷ್ಟು ಸಹಜವಾಗಿ ಹೇಳಿದನೆಂದರೆ, ಹೇಳಿದ್ದು ಅವನಿಗೇ ಕೇಳಿಸಲಿಲ್ಲ. "ಆತ್ರಿ ಸಾವಕಾರ್ರ, ತೆಳ್ಳಗ ಹಚ್ಚೋಣ. ಮದುವಿ ಹಾಸಲ್ರಿ, ನೀವು ಬಂದು ಅರಿಷಿಣ ಹಚ್ಚಬೇಕು," ಅಂದೆ. ಅದು ರೂಢಿ; ಇಲ್ಲವೆನ್ನಲಿಕ್ಕೆ ಬರುವುದಿಲ್ಲ. ಅವನು ಹೋದ ಮೇಲೆ ಅವ್ವನ ಮನೆಗೆ ಹೋಗಿ, ನಾಳೆ ಹೊಲಕ್ಕೆ ಹೋಗಬೇಡ, ನಸುಕಿನಲ್ಲಿ ಬಂದು ನಮ್ಮ ಕಟ್ಟೆಯ ಮೇಲೆ ಕೂಡು ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ.

ಮರುದಿನ ಹಾಸು ಬಿಗಿದು ನಿಂತಿತ್ತು. ಓಣಿಯ ಜನ ಎದ್ದಿದ್ದರು. ದಲಾಲ ಜರಿ ರುಮಾಲು ಸುತ್ತಿಕೊಂಡು ಬಂದು ನೂಲಿಗೆ ಅರಿಷಿಣ ಮುಟ್ಟಿಸಿದ. ನಾನೊಂದು ಮಗ್ಗುಲು, ನನ್ನ ಇಬ್ಬರು ಜೊತೆಗಾತಿಯರು ಇನ್ನೊಂದು ಮಗ್ಗುಲು, ಗಂಜಿ ಹಚ್ಚುತ್ತ ಹೋದೆವು. ಹಾಸೆಲ್ಲ ತೊಯ್ದ ಮೇಲೆ, ತೀಡುವ ಹೊತ್ತಿಗೆ ಸರಿಯಾಗಿ, ನಾನು ಕುಂಚವನ್ನು ಗಡಿಗೆಯಲ್ಲಿ ಇಳಿಬಿಟ್ಟು ಸೆರಗಿಗೆ ಕೈ ಒರೆಸಿಕೊಂಡೆ. ಒಂದೇ ಮಗ್ಗುಲಿನಿಂದ ತೀಡಿ ಉಪಯೋಗವಿಲ್ಲ; ಜೊತೆಗಾತಿಯರೂ ನಿಂತರು.

"ಯಾಕ ನಿಂತಿ?" ಅಂದ ದಲಾಲ.

"ಒಂದು ಸಂಶೆ ಬಂತ್ರಿ. ಗಂಜಿ ತೆಳ್ಳಗ ಹಚ್ಚು ಅಂದ್ರಿ. ಯಾಕ್ರಿ?"

"ಹೇಳಿನಲ್ಲ ನಿನ್ನೆ."

"ನನಗ ಹೇಳೀರಿ. ಇವರಿಗೆ ಹೇಳ್ರಿ."

ಅವನು ಸುತ್ತ ನೋಡಿದ. ಕಟ್ಟೆಯ ಮೇಲೆ ಅವ್ವ ಕೂತಿದ್ದಳು. ಆಗ ಅವನ ಮುಖಕ್ಕೆ ತಿಳಿವಳಿಕೆ ಬಂತು.

"ಹಾಸು ಒಣಗಾಕತ್ತೈತಿ ಬೇ! ಕುಂಚ ತಗೋ!"

"ಒಣಗ್ಲಿ ಬಿಡ್ರಿ. ವೆಂಗುರ್ಲಾದಾಗ ಬಾಡಿಗಿ ಇಳೀಲಿ ಅಂತ ನೀವು ಆಗಬೋಟು ಬಿಟ್ಟು ಕಾದ್ರಲ್ರಿ, ನಾನೂ ಹಂಗ ಸ್ವಲ್ಪ ಕಾಯ್ತೇನಿ. ವಖಾರಿ ಮುದುಕ ನಿಮ್ಮನ್ನ ಕೇಳಿದ್ದ, ಆರಾಮ ಅದಾರೇನು ಅಂತ."

ಬೂಷ್ಟು ಹಿಡಿದ ಸೆರಗನ್ನು ಅವತ್ತು ಕೈಯಲ್ಲಿ ಹಿಡಿದಿದ್ದ ನೇಕಾರ ಮುಂದೆ ಬಂದ. "ಏನ್ರಿ ಸಾವಕಾರ್ರ ಇದು?" ಅಂದ.

ದಲಾಲ ಮೊದಲು ನಕ್ಕ. ಯಾರೂ ನಗಲಿಲ್ಲ. ಆಮೇಲೆ ಬೈದ. ಬೈಗುಳಕ್ಕೆ ಗಂಜಿ ಕಾಯುವುದಿಲ್ಲ. ಮಾಳಿಗೆಗಳ ಮೇಲೆ ಬಿಸಿಲು ಕಂಡಿತು, ಹಾಸಿನ ಒಂದು ತುದಿಯಲ್ಲಿ ಎಳೆಗಳು ಬೆಳ್ಳಗೆ ಬಿರುಸಾಗತೊಡಗಿದವು. ಅವನು ಅದನ್ನು ನೋಡಿದ, ಬಗ್ಗಿ ಮುಟ್ಟಿದ. ಆಮೇಲೆ ನೆಲ ನೋಡುತ್ತ, "ಹೌದು, ಬೋಟು ತಪ್ಪಿತ್ತು," ಅಂದ.

"ಕೇಳವಲ್ದು ಸಾವಕಾರ್ರ. ಅವತ್ತು ಕಡೀ ಮನೀತನಕ ಕೇಳಿತ್ತು ನಿಮ್ಮ ದನಿ."

"ನಾನ ದಪ್ಪ ಹಾಕು ಅಂದಿದ್ದೆ!" ಎಂದು ಒದರಿದ. "ನಾನ ಬೋಟು ಬಿಟ್ಟೆ! ಮಳಿಗಾಲೆಲ್ಲ ವಖಾರ್ಯಾಗ ಕೊಳೀತು! ಆಕಿ ಕೈದಲ್ಲ! ಆತಿಲ್ಲೋ? ತೀಡು ಈಗ!"

ನಾನು ಕುಂಚ ಎತ್ತಿದೆ. ಸುಳ್ಳೇಕೆ, ಎತ್ತಿ ಒಂದು ಸಲ ಎಳೆದೂ ನೋಡಿದೆ. ತಡವಾಗಿತ್ತು. ಕುಂಚಕ್ಕೆ ನೂಲು ಬಿಡಲೊಲ್ಲದು. ಹೀಗೆ ಹಿಡಿದ ಹಾಸನ್ನು ಬೆರಳಿನಿಂದ ಬಿಡಿಸಬಲ್ಲವಳು ಆ ಊರಿನಲ್ಲಿ ಅವ್ವ ಒಬ್ಬಳೇ, ಅದು ಎಲ್ಲರಿಗೂ ಗೊತ್ತಿತ್ತು. ದಲಾಲನಿಗೂ ಗೊತ್ತಿತ್ತು. ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ಕಟ್ಟೆಯ ಕಡೆ ಹೋದ.

"ಯವ್ವಾ, ಮಗಳ ಮದುವಿ. ಬೀಗರ ಮುಂದ ನನ್ನ ಮಾನ ಐತಿ. ಒಂಚೂರು ಕೈ ಹಚ್ಚು."

ಅವ್ವ ಎಲೆ ಅಡಿಕೆ ಹಾಕಿಕೊಂಡಿದ್ದಳು. ಆರಾಮಾಗಿ ಅಗಿದು, ಉಗುಳಿ ಬಂದು, ಮತ್ತೆ ಕೂತಳು. ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು. ಕಳೆ ತೆಗೆದು ತೆಗೆದು ಬೆರಳ ಗಂಟುಗಳು ಉಬ್ಬಿದ್ದವು, ಸೀಳುಗಳಲ್ಲಿ ಮಣ್ಣು ಕೂತಿತ್ತು.

"ಇವನ್ನ ಹಚ್ಚಲ್ರಿ?"

ಅವನು ಆ ಕೈಗಳಿಂದ ಕಣ್ಣು ತೆಗೆದು ಹಾಸಿನ ಕಡೆ ನೋಡಿದ.

"ಇವು ಸಣ್ಣ ನೂಲಿಗೆ ಸಿಕ್ಕೋತಾವ್ರಿ ಈಗ. ಎಳಿ ಹರೀತಾವ. ನೀವ ಮಾಡಿದ ಕೈ ಇವು."

ಹೇಳಿ ಕೈ ಮಡಿಚಿಕೊಂಡಳು. ಏಳಲಿಲ್ಲ. ಅಲ್ಲಿಯೇ ಕೂತು, ಬಿಸಿಲು ಓಣಿಗೆ ಇಳಿದು ಆ ಹಾಸಿನ ಉದ್ದಕ್ಕೂ ಹರಿದದ್ದನ್ನು ಪೂರಾ ನೋಡಿದಳು. ನೂಲು ಒಣಗಿ ಚಟಚಟ ಅನ್ನುವಾಗ ಅವಳ ಬಾಯಿ ಅಗಿಯುವುದನ್ನು ನಿಲ್ಲಿಸಿತು. ನೂಲು ಕೆಡುವುದನ್ನು ಅವಳು ಜೀವಮಾನದಲ್ಲಿ ಸುಮ್ಮನೆ ಕೂತು ನೋಡಿದವಳಲ್ಲ. ಆದರೂ ಎದ್ದು ಹೋಗಲಿಲ್ಲ. ದಲಾಲನೂ ನಿಂತೇ ಇದ್ದ.

ಬೀಗರಿಗೆ ಅವನು ಪ್ಯಾಟಿಯ ತಯಾರು ಸೀರೆ ಕೊಟ್ಟನಂತೆ, ಬೀಗಿತಿ ಚಪ್ಪರದಲ್ಲೇ ಅದನ್ನು ಎತ್ತಿ ತೋರಿಸಿ ಆಡಿಕೊಂಡಳಂತೆ. ಕೇಳಿ ನನಗೆ ಸಂತೋಷವಾಯಿತು. ಈಗಲೂ ಆಗುತ್ತದೆ. ಹುಡುಗಿಯ ತಪ್ಪೇನಿತ್ತು ಎಂದು ನನ್ನ ಮೊಮ್ಮಕ್ಕಳು ಕೇಳುತ್ತಾರೆ. ಏನೂ ಇರಲಿಲ್ಲ. ನನ್ನದೇನಿತ್ತು, ನಾನು ಉಪ್ಪು ರೊಟ್ಟಿ ತಿಂದು ಬೆಳೆದದ್ದಕ್ಕೆ?

ಮರುದಿನ ಇಬ್ಬರು ನೇಕಾರರು ಅವ್ವನ ಬಾಗಿಲಿಗೆ ಬಂದರು. ಹೊಸ ಮಗ್ಗ ಹೂಡಿದ್ದೇವೆ, ಮೊದಲ ಗಂಜಿ ನಿನ್ನದೇ ಆಗಬೇಕು ಅಂದರು. ಬಂದವರಲ್ಲಿ ಒಬ್ಬ, ಮೊಸರಿಲ್ಲ ಅಂದವಳ ಗಂಡ. ಅವ್ವ ಅವರನ್ನು ಕೂಡಿಸಿ ನೀರು ಕೊಟ್ಟಳು. ಅವರು ಕುಡಿಯುವವರೆಗೆ ಕಾದು, "ಇವತ್ತು ಸೇಂಗಾ ಕಳೆ ತೆಗಿಯೂದೈತ್ರಿ," ಎಂದು ಹೇಳಿ ಅವರಿಗಿಂತ ಮೊದಲು ಹೊಸ್ತಿಲು ದಾಟಿ ಹೊಲದ ಹಾದಿ ಹಿಡಿದಳು.